ದೀರ್ಘಕಾಲ ನಿಂತ ಕಾರಿನ ಇಂಧನ ವ್ಯವಸ್ಥೆಯ ಶುದ್ಧೀಕರಣ: ಒಂದು ಅಭ್ಯಾಸ ಪಾಠ

(ಗ್ರಾಮ ಪಂಚಾಯಿತಿ ಸಿಬ್ಬಂದಿ, ವಾಹನ ಚಾಲಕರು, ಸ್ವಸಹಾಯ ಸಂಘಗಳ ಚಾಲಕಿಯರು ಹಾಗೂ ಸಾರ್ವಜನಿಕರ ತಿಳಿವಳಿಕೆಗಾಗಿ)

ಪೀಠಿಕೆ

ಬೆಂಗಳೂರು ದಕ್ಷಿಣ ತಾಲ್ಲೂಕಿನ ಬೇಗೂರು ಹೋಬಳಿಯಲ್ಲಿ ನಿಂತಲ್ಲೇ ನಿಂತ ಕಾರುಗಳು ಅಪರೂಪವಲ್ಲ. ಮಕ್ಕಳು ಹೊರದೇಶದಲ್ಲಿ ನೆಲೆಸಿದ ಮನೆಗಳ ಅಂಗಳದಲ್ಲಿ, ತೀರಿಕೊಂಡ ಹಿರಿಯರ ನೆನಪಿಗೆಂದು ಮಾರದೆ ಉಳಿಸಿಕೊಂಡ ಮನೆಗಳ ಮುಂದೆ, ಅಪಾರ್ಟ್‌ಮೆಂಟ್‌ಗಳ ನೆಲಮಾಳಿಗೆಯಲ್ಲಿ ಅವು ಧೂಳು ಹೊದ್ದು ನಿಂತಿರುತ್ತವೆ. 2020ರ ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಜಾರಿಗೆ ಬಂದಾಗ ನಿಂತ ಬಾಡಿಗೆ ಕಾರುಗಳಲ್ಲಿ ಎಷ್ಟೋ ತಿಂಗಳುಗಟ್ಟಲೆ ಕದಲಲಿಲ್ಲ. ಪಂಚಾಯಿತಿಗಳ ಆವರಣದಲ್ಲಿಯೂ ದುರಸ್ತಿಗಾಗಿಯೋ ಚಾಲಕರ ಕೊರತೆಯಿಂದಲೋ ವಾಹನಗಳು ನಿಲ್ಲುವುದುಂಟು.

ಇಂತಹ ವಾಹನವನ್ನು ಮರಳಿ ಓಡಿಸುವ ದಿನ ಸಾಮಾನ್ಯವಾಗಿ ಹೊಸ ಬ್ಯಾಟರಿ ಹಾಕಿ, ಚಕ್ರಗಳಿಗೆ ಗಾಳಿ ತುಂಬಿಸಿ, ನೇರವಾಗಿ ಕೀಲಿ ತಿರುಗಿಸಲಾಗುತ್ತದೆ. ಹಾನಿ ಆರಂಭವಾಗುವುದು ಅಲ್ಲಿಯೇ. ಟ್ಯಾಂಕಿನಲ್ಲಿ ಕೆಟ್ಟು ಕುಳಿತ ಇಂಧನ ಅದುವರೆಗೆ ಟ್ಯಾಂಕಿಗಷ್ಟೇ ತೊಂದರೆ ಕೊಟ್ಟಿರುತ್ತದೆ; ಕೀಲಿ ತಿರುಗಿದ ಕೂಡಲೇ ಅದು ಪಂಪು, ಫಿಲ್ಟರ್, ಇಂಜೆಕ್ಟರ್‌ಗಳವರೆಗೂ ಹರಿಯುತ್ತದೆ. ಕಡಿಮೆ ಖರ್ಚಿನಲ್ಲಿ ಮುಗಿಯಬಹುದಾಗಿದ್ದ ಕೆಲಸ ಅನೇಕ ಪಟ್ಟು ಬೆಳೆಯುತ್ತದೆ. ಇದಕ್ಕಿಂತ ದೊಡ್ಡ ಅಪಾಯ ಬೆಂಕಿಯದು ಮತ್ತು ಬಾಯಿಯಿಂದ ಪೆಟ್ರೋಲ್ ಎಳೆಯುವ ಹಳೆಯ ಅಭ್ಯಾಸದ್ದು. ಈ ಕಾರಣಗಳಿಂದ ಕೆಲಸದ ಕ್ರಮವನ್ನು ಅರಿಯುವುದು ಅಗತ್ಯ.

1. ನಿಂತ ಇಂಧನ ಕೆಡುವ ಬಗೆ

ಪೆಟ್ರೋಲ್ ಒಂದೇ ವಸ್ತುವಲ್ಲ; ಹಗುರ ಮತ್ತು ಭಾರವಾದ ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ವಾಹನ ನಿಂತಾಗ ಹಗುರವಾದ ಅಂಶಗಳು ಮೊದಲು ಆವಿಯಾಗುತ್ತವೆ. ತಣ್ಣನೆಯ ಎಂಜಿನ್ ಹೊತ್ತಿಕೊಳ್ಳಲು ಬೇಕಾದವು ಇವೇ ಅಂಶಗಳು. ಉಳಿದ ಭಾಗ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಅಂಟಾಗುತ್ತದೆ. ತಾಜಾ ಪೆಟ್ರೋಲಿನ ತೀಕ್ಷ್ಣ ವಾಸನೆ ಹೋಗಿ, ಮರಕ್ಕೆ ಬಳಿಯುವ ವಾರ್ನಿಷ್‌ನಂತಹ ಹುಳಿ ವಾಸನೆ ಬರುತ್ತದೆ, ಬಣ್ಣ ಕಂದಾಗುತ್ತದೆ.

ಇಂದಿನ ಪೆಟ್ರೋಲಿನಲ್ಲಿ ಎಥೆನಾಲ್ ಸೇರಿರುವುದು ಎರಡನೆಯ ಕಾರಣ. ಶೇ. 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿಯೇ ಚಾಲನೆ ದೊರೆಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ಬೆಂಗಳೂರಿನಲ್ಲಿ ಹಗಲಿನ ಬಿಸಿಲಿಗೆ ಟ್ಯಾಂಕಿನೊಳಗಿನ ಗಾಳಿ ಹಿಗ್ಗಿ ಹೊರಹೋಗುತ್ತದೆ. ರಾತ್ರಿಯ ತಂಪಿಗೆ ಕುಗ್ಗಿ ಹೊರಗಿನ ತೇವದ ಗಾಳಿಯನ್ನು ಒಳಗೆಳೆಯುತ್ತದೆ. ಅರ್ಧ ಖಾಲಿಯಾದ ಟ್ಯಾಂಕಿನಲ್ಲಿ ಈ ಕ್ರಿಯೆ ಹೆಚ್ಚು. ನೀರಿನಂಶ ಮಿತಿ ಮೀರಿದಾಗ ಎಥೆನಾಲ್ ಮತ್ತು ನೀರು ಒಂದಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಶೇ. 10ರ ಮಿಶ್ರಣದಲ್ಲಿ ಸಾಧಾರಣ ಉಷ್ಣತೆಯಲ್ಲಿ ಈ ಮಿತಿ ಸುಮಾರು ಅರ್ಧ ಶೇಕಡಾ ಮಾತ್ರ. ಪಂಪು ಇಂಧನವನ್ನು ಎಳೆಯುವುದು ತಳದಿಂದಲೇ ಆದ್ದರಿಂದ ಎಂಜಿನ್‌ಗೆ ಮೊದಲು ತಲುಪುವುದು ಈ ನೀರುಗಲಸು. ಉಕ್ಕು ಮತ್ತು ಅಲ್ಯೂಮಿನಿಯಂ ಭಾಗಗಳನ್ನು ತಿನ್ನುವುದೂ ಇದೇ.

ಡೀಸೆಲ್ ಕೆಡುವ ರೀತಿ ಬೇರೆ. ಅದು ಬೇಗ ಆವಿಯಾಗುವುದಿಲ್ಲ. ಆದರೆ ತಳದಲ್ಲಿ ನೀರು ಸೇರಿದರೆ ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತವೆ. ಹೊಸ ಫಿಲ್ಟರ್ ಹಾಕಿದ ಕೆಲವೇ ದಿನಗಳಲ್ಲಿ ಮತ್ತೆ ಕಟ್ಟಿಕೊಂಡರೆ ಈ ಲೋಳೆಯನ್ನು ಶಂಕಿಸಬೇಕು.

2. ಕೆಲಸಕ್ಕೆ ಮುನ್ನ ಸುರಕ್ಷತೆ

ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲಿಯೂ ಹೊತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಈ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲದ ಮೇಲೆ ಹರಿದು ತಗ್ಗಿನಲ್ಲಿ, ಚರಂಡಿಯಲ್ಲಿ, ನೆಲಮಾಳಿಗೆಯಲ್ಲಿ ನಿಲ್ಲುತ್ತದೆ. ಆದ್ದರಿಂದ ಈ ಕೆಲಸವನ್ನು ಬಯಲಿನಲ್ಲಿಯೇ ಮಾಡತಕ್ಕದ್ದು. ಕಾರು ನೆಲಮಾಳಿಗೆಯಲ್ಲಿದ್ದರೆ ತಳ್ಳಿಕೊಂಡೋ ಎಳೆಸಿಕೊಂಡೋ ಹೊರತಂದ ಮೇಲೆಯೇ ಟ್ಯಾಂಕಿಗೆ ಕೈಹಾಕಬೇಕು.

ಅ) ಬ್ಯಾಟರಿಯ ಋಣ ತಂತಿಯನ್ನು ಮೊದಲು ಕಳಚಬೇಕು.
ಆ) ಒಣ ರಾಸಾಯನಿಕ ಪುಡಿಯ ಅಗ್ನಿಶಾಮಕ ಮತ್ತು ಒಂದು ಬಕೆಟ್ ಮರಳು ಕೈಗೆಟುಕುವಂತಿರಬೇಕು. ಪೆಟ್ರೋಲ್ ಬೆಂಕಿಗೆ ನೀರು ಎರಚಬಾರದು. ಪೆಟ್ರೋಲ್ ನೀರಿನ ಮೇಲೆ ತೇಲಿ ಬೆಂಕಿಯನ್ನು ಹರಡುತ್ತದೆ.
ಇ) ಬೀಡಿ, ಸಿಗರೇಟು, ದೇವರ ದೀಪ, ಅಡುಗೆ ಒಲೆ, ವೆಲ್ಡಿಂಗ್ ಕೆಲಸ ಸಮೀಪದಲ್ಲಿರಬಾರದು. ಮಕ್ಕಳನ್ನು ದೂರವಿಡಬೇಕು.
ಈ) ಪೆಟ್ರೋಲನ್ನು ಮುಚ್ಚಳವಿರುವ ಲೋಹದ ಕ್ಯಾನಿನಲ್ಲಿ, ಕ್ಯಾನನ್ನು ನೆಲದ ಮೇಲಿಟ್ಟು ತುಂಬಬೇಕು. ನೀರಿನ ಬಾಟಲಿಯಲ್ಲಿ ತುಂಬಿಡುವುದು ಸಲ್ಲದು. ನೀರೆಂದು ಕುಡಿಯುವ ಅಪಾಯವಿದೆ.
ಉ) 1934ರ ಪೆಟ್ರೋಲಿಯಂ ಅಧಿನಿಯಮದಂತೆ ಪರವಾನಗಿ ಇಲ್ಲದೆ ಇರಿಸಿಕೊಳ್ಳಬಹುದಾದ ಪೆಟ್ರೋಲಿನ ಗರಿಷ್ಠ ಪ್ರಮಾಣ 30 ಲೀಟರ್, ಲೋಹದ ಒಂದು ಪಾತ್ರೆಯಲ್ಲಿ 25 ಲೀಟರ್ ಮೀರಬಾರದು.

ಕೊಳವೆ ಇಟ್ಟು ಬಾಯಿಯಿಂದ ಪೆಟ್ರೋಲ್ ಎಳೆಯುವುದನ್ನು ಸಂಪೂರ್ಣವಾಗಿ ನಿಲ್ಲಿಸಬೇಕು. ಒಂದು ಗುಟುಕಿನಷ್ಟು ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೂ ಮಾರಕವಾದ ಉರಿಯೂತ ಉಂಟಾಗಬಹುದು. ಯಾರಾದರೂ ನುಂಗಿದ್ದರೆ ವಾಂತಿ ಮಾಡಿಸಬಾರದು. ವಾಂತಿಯಾಗುವಾಗಲೇ ಅದು ಶ್ವಾಸಕೋಶಕ್ಕೆ ಸೇರುವ ಸಂಭವ ಹೆಚ್ಚು. ಉಪ್ಪುನೀರು ಮುಂತಾದ ಮನೆಮದ್ದಿಗೆ ಹೊತ್ತು ಕಳೆಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಕೈಪಂಪು ಅಗ್ಗದ ಸಾಧನ. ಅದಿಲ್ಲದೆ ಕೆಲಸ ಆರಂಭಿಸಬಾರದು.

3. ಪರೀಕ್ಷೆ

ಕೀಲಿ ತಿರುಗಿಸುವ ಮುನ್ನ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನವನ್ನು ಪಾರದರ್ಶಕ ಗಾಜಿನ ಜಾಡಿಗೆ ತೆಗೆದು, ಮುಚ್ಚಿ, ಅರ್ಧ ಗಂಟೆ ಅಲುಗಿಸದೆ ಇಡಬೇಕು. ತಿಳಿಯಾಗಿದ್ದು ವಾಸನೆ ತಾಜಾ ಇದ್ದರೆ, ನಿಂತ ಅವಧಿ ಮೂರು ತಿಂಗಳೊಳಗಿದ್ದರೆ, ಹೊಸ ಪೆಟ್ರೋಲ್ ಸೇರಿಸಿ ಬಳಸಬಹುದು. ಎರಡು ಪದರ ಕಂಡರೆ ನೀರು ಬೇರ್ಪಟ್ಟಿದೆ ಎಂದರ್ಥ. ಕೆಂಪು ಪುಡಿ ಕಂಡರೆ ಟ್ಯಾಂಕು ತುಕ್ಕು ಹಿಡಿದಿದೆ. ಕಂದು ಬಣ್ಣ ಮತ್ತು ವಾರ್ನಿಷ್ ವಾಸನೆ ಅಂಟಿನ ಗುರುತು. ಈ ಮೂರರಲ್ಲಿ ಯಾವುದು ಕಂಡರೂ, ಅಥವಾ ವಾಹನ ಆರು ತಿಂಗಳಿಗಿಂತ ಹೆಚ್ಚು ನಿಂತಿದ್ದರೂ, ಇಂಧನವನ್ನು ಪೂರ್ತಿ ತೆಗೆಯುವುದೇ ಕ್ಷೇಮ. ಕೆಟ್ಟ ಪೆಟ್ರೋಲಿಗೆ ಹೊಸದನ್ನು ಬೆರೆಸಿ ಸರಿಪಡಿಸುವ ಯತ್ನ, ಒಡೆದ ಹಾಲಿಗೆ ಹೊಸ ಹಾಲು ಸುರಿದಂತೆ.

4. ಟ್ಯಾಂಕಿನ ಶುದ್ಧೀಕರಣ

ಹಳೆಯ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳಂತಹ ಕಾರುಗಳಲ್ಲಿ ಟ್ಯಾಂಕು ಲೋಹದ್ದು. ಈಚಿನ ಅನೇಕ ಕಾರುಗಳಲ್ಲಿ ಪ್ಲಾಸ್ಟಿಕ್ಕಿನದು. ಅದು ತುಕ್ಕು ಹಿಡಿಯದಿದ್ದರೂ ಅಂಟು ಮತ್ತು ಮಡ್ಡಿ ತಪ್ಪಿದ್ದಲ್ಲ. ಅನೇಕ ಕಾರುಗಳಲ್ಲಿ ಹಿಂಬದಿಯ ಆಸನವನ್ನು ಎತ್ತಿದರೆ ಟ್ಯಾಂಕಿನೊಳಗಿನ ಪಂಪಿನ ಮುಚ್ಚಳ ಕಾಣುತ್ತದೆ. ಪಂಪನ್ನು ಹೊರತೆಗೆದು, ಅದರ ಬುಡದಲ್ಲಿರುವ ಜರಡಿಯನ್ನು ಪರೀಕ್ಷಿಸಬೇಕು. ಜರಡಿ ಕಪ್ಪಾಗಿ ಬಿಗಿದಿದ್ದರೆ ತೊಳೆಯದೆ ಬದಲಿಸುವುದು ಲೇಸು.

ಲೋಹದ ಟ್ಯಾಂಕಿನಲ್ಲಿ ತುಕ್ಕು ಲಘುವಾಗಿದ್ದರೆ ಟ್ಯಾಂಕನ್ನು ಕಳಚಿ, ಬರಿದು ಮಾಡಿ, ಸಾಬೂನಿನ ನೀರಿನಿಂದ ತೊಳೆದು, ಬಳಿಕ ಸಿಟ್ರಿಕ್ ಆಮ್ಲದ ದ್ರಾವಣವನ್ನು ತುಂಬಿ ಕೆಲವು ಗಂಟೆ ಬಿಡಬೇಕು. ಹುಣಸೆಹುಳಿ ಹಿತ್ತಾಳೆ ಪಾತ್ರೆಯ ಕಿಲುಬನ್ನು ಬಿಡಿಸುವ ತತ್ವವೇ ಇಲ್ಲಿಯೂ ಕೆಲಸ ಮಾಡುತ್ತದೆ. ಅನಂತರ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಆಮ್ಲವನ್ನು ಕಳೆದು, ಶುದ್ಧ ನೀರಿನಲ್ಲಿ ಜಾಲಿಸಿ, ತಡಮಾಡದೆ ಒಣಗಿಸಬೇಕು. ತೇವ ಉಳಿದರೆ ಹೊಸ ತುಕ್ಕು ಕೆಲವೇ ಗಂಟೆಗಳಲ್ಲಿ ಕಾಣಿಸುತ್ತದೆ. ಟ್ಯಾಂಕಿನ ಗೋಡೆ ತೂತು ಬೀಳುವಷ್ಟು ಸವೆದಿದ್ದರೆ ಬದಲಿಸಬೇಕು.

ಖಾಲಿ ಟ್ಯಾಂಕಿಗೆ ಬೆಸುಗೆ ಹಾಕಿಸುವುದು ಪ್ರಾಣಾಪಾಯದ ಕೆಲಸ. ಗಾಳಿಯಲ್ಲಿ ಪೆಟ್ರೋಲ್ ಆವಿಯ ಪ್ರಮಾಣ ಸುಮಾರು ಶೇ. 1.4ರಿಂದ 7.6ರ ನಡುವೆ ಇದ್ದಾಗ ಅದು ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಎಡೆಯಿಲ್ಲ. ಬರಿದಾದ ಟ್ಯಾಂಕಿನಲ್ಲಿಯೇ ಗಾಳಿ ಮತ್ತು ಆವಿ ಈ ಪ್ರಮಾಣದಲ್ಲಿ ಕೂಡುತ್ತವೆ. ಆದ್ದರಿಂದ ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ.

5. ಕೊಳವೆ, ಫಿಲ್ಟರ್, ಕಾರ್ಬುರೇಟರ್ ಮತ್ತು ಇಂಜೆಕ್ಟರ್

ರಬ್ಬರ್ ಕೊಳವೆಗಳನ್ನು ಬಾಗಿಸಿ ನೋಡಬೇಕು. ಬಿರುಕು ಬಿಟ್ಟವು, ಗಟ್ಟಿಯಾದವು, ಉಬ್ಬಿದವು ಬದಲಾಗಲೇಬೇಕು. ನಿಂತ ವಾಹನದಲ್ಲಿ ಇಲಿ, ಹೆಗ್ಗಣಗಳು ಕೊಳವೆ ಕಡಿದಿರುವುದೂ ಸಾಮಾನ್ಯ. ಹಳೆಯ ಕಾರುಗಳ ರಬ್ಬರನ್ನು ಎಥೆನಾಲ್ ಮೆತ್ತಗಾಗಿಸುತ್ತದೆ. 2023ರ ಏಪ್ರಿಲ್‌ಗೆ ಮೊದಲು ತಯಾರಾದ ವಾಹನಗಳಲ್ಲಿ ಈ ಅಂಶಕ್ಕೆ ಹೆಚ್ಚಿನ ಗಮನ ಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳಲ್ಲಿ ಕೊಳ್ಳುವಾಗ ಇಂಧನಕ್ಕೆಂದೇ ತಯಾರಾದ ಕೊಳವೆಯನ್ನು ಕೇಳಿ ಪಡೆಯಬೇಕು. ನೀರಿನ ಪೈಪು ಎಂದಿಗೂ ಸಲ್ಲದು.

ಫಿಲ್ಟರನ್ನು ವಿನಾಯಿತಿಯಿಲ್ಲದೆ ಬದಲಿಸಬೇಕು. ಅದರ ಮೇಲಿನ ಬಾಣದ ಗುರುತು ಎಂಜಿನ್ ಕಡೆಗಿರಬೇಕು.

ಕಾರ್ಬುರೇಟರ್ ಇರುವ ಕಾರಿನಲ್ಲಿ ಫ್ಲೋಟ್ ಇರುವ ಬಟ್ಟಲಿನ ಪೆಟ್ರೋಲ್ ಮೊದಲು ಒಣಗಿ ಜೆಟ್ಟಿನ ಸೂಕ್ಷ್ಮ ರಂಧ್ರಗಳನ್ನು ಮುಚ್ಚುತ್ತದೆ. ಭಾಗಗಳನ್ನು ತಟ್ಟೆಯಲ್ಲಿ ಕಳಚಿದ ಕ್ರಮದಲ್ಲಿಯೇ ಜೋಡಿಸಿಟ್ಟು, ಶುದ್ಧೀಕರಣ ದ್ರವ ಮತ್ತು ಗಾಳಿಯ ಒತ್ತಡದಿಂದ ರಂಧ್ರಗಳನ್ನು ತೆರೆಯಬೇಕು. ತಂತಿ ತೂರಿಸಬಾರದು, ಹಿತ್ತಾಳೆಯ ಜೆಟ್ಟು ಕೂದಲೆಳೆಯಷ್ಟು ಸವೆದರೂ ಇಂಧನದ ಅಳತೆ ಕೆಡುತ್ತದೆ.

ಇಂಜೆಕ್ಟರ್ ಇರುವ ಪೆಟ್ರೋಲ್ ಕಾರುಗಳಲ್ಲಿ ಕೊಳವೆಯೊಳಗೆ ಒತ್ತಡ ಉಳಿದಿರಬಹುದು. ಜೋಡಣೆಗೆ ಬಟ್ಟೆ ಸುತ್ತಿ ನಿಧಾನವಾಗಿ ಸಡಿಲಿಸಬೇಕು. ಇಂಜೆಕ್ಟರ್‌ಗಳನ್ನು ಶ್ರವಣಾತೀತ ಕಂಪನದ ಯಂತ್ರವಿರುವ ಕಾರ್ಯಾಗಾರದಲ್ಲಿ ತೊಳೆಸಿ, ಇಂಧನ ಸಿಂಪಡಣೆ ಸಮನಾಗಿದೆಯೇ ಎಂದು ನೋಡಿಸಬೇಕು. ಕಾಮನ್ ರೈಲ್ ಡೀಸೆಲ್ ಎಂಜಿನ್‌ಗಳ ಒತ್ತಡ 1000 ಬಾರ್ ಮೀರುತ್ತದೆ. ಅದರ ಸೋರಿಕೆ ಚರ್ಮವನ್ನೇ ಭೇದಿಸಬಲ್ಲದು. ಅದನ್ನು ತರಬೇತಿ ಪಡೆದವರಲ್ಲದೆ ಅನ್ಯರು ಬಿಚ್ಚತಕ್ಕದ್ದಲ್ಲ.

6. ಮರುಜೋಡಣೆ ಮತ್ತು ಚಾಲನೆ

ಎಲ್ಲ ಭಾಗಗಳನ್ನು ಜೋಡಿಸಿ ಸುಮಾರು 5 ಲೀಟರ್ ಹೊಸ ಪೆಟ್ರೋಲ್ ಹಾಕಬೇಕು. ಬ್ಯಾಟರಿ ಜೋಡಿಸಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮೂರು ನಾಲ್ಕು ಬಾರಿ ‘ಆನ್’ ಹಂತಕ್ಕೆ ತಿರುಗಿಸಿದರೆ ಪಂಪು ಕೊಳವೆಗಳನ್ನು ತುಂಬುತ್ತದೆ. ಆಗ ಪ್ರತಿ ಜೋಡಣೆಯನ್ನೂ ನೋಡಿ, ಒಂದು ಹನಿ ಸೋರಿದರೂ ಸರಿಪಡಿಸಿದ ನಂತರವೇ ಎಂಜಿನ್ ಚಾಲೂ ಮಾಡಬೇಕು. ಎಂಜಿನ್ ಎಣ್ಣೆಯ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಚಾಲೂ ಮಾಡುವ ಮೊದಲೇ ಎಣ್ಣೆ ಬದಲಿಸಬೇಕು. ಮರುದಿನ ಮತ್ತೊಮ್ಮೆ ಸೋರಿಕೆ ಪರೀಕ್ಷಿಸುವುದನ್ನು ಮರೆಯಬಾರದು.

7. ತೆಗೆದ ಇಂಧನದ ವಿಲೇವಾರಿ

ಕೆಟ್ಟ ಪೆಟ್ರೋಲನ್ನು ಚರಂಡಿಗೆ, ರಾಜಕಾಲುವೆಗೆ, ಖಾಲಿ ನಿವೇಶನಕ್ಕೆ ಸುರಿಯುವುದು ಅಪರಾಧ. ಸುರಿದ ಪೆಟ್ರೋಲ್ ಮಳೆನೀರಿನೊಡನೆ ಕೆರೆಗೆ ಇಳಿಯುತ್ತದೆ. ಬೇಗೂರು ಕೆರೆಯಂತಹ ಕೆರೆಗಳು ಒಂದರಿಂದೊಂದಕ್ಕೆ ಕಾಲುವೆಯ ಮೂಲಕ ಕೂಡಿರುವುದರಿಂದ ಮೇಲಿನವರ ತಪ್ಪನ್ನು ಕೆಳಗಿನವರು ಅನುಭವಿಸುತ್ತಾರೆ. ಮಣ್ಣಿಗೆ ಇಂಗಿದ ಭಾಗ ಕೊಳವೆಬಾವಿಯ ನೀರನ್ನು ಕೆಡಿಸಬಲ್ಲದು. ಕೆಟ್ಟ ಇಂಧನ, ಹಳೆಯ ಫಿಲ್ಟರ್ ಹಾಗೂ ಎಣ್ಣೆ ಹೀರಿದ ಬಟ್ಟೆಗಳನ್ನು ಬೇರೆಯಾಗಿರಿಸಿ, 2016ರ ಅಪಾಯಕಾರಿ ತ್ಯಾಜ್ಯ ನಿರ್ವಹಣಾ ನಿಯಮಗಳಂತೆ ಅಧಿಕೃತ ಸಂಗ್ರಾಹಕರಿಗೆ, ಅಥವಾ ಅಂತಹ ವ್ಯವಸ್ಥೆಯುಳ್ಳ ಕಾರ್ಯಾಗಾರಕ್ಕೆ ಒಪ್ಪಿಸಬೇಕು. ಹಸಿ ಕಸ, ಒಣ ಕಸದೊಡನೆ ಇವನ್ನು ಸ್ವಚ್ಛ ವಾಹಿನಿಗೆ ಹಾಕಿದರೆ ಕಸ ಬೇರ್ಪಡಿಸುವ ಕಾರ್ಮಿಕರ ಜೀವಕ್ಕೇ ಅಪಾಯ.

8. ಮುನ್ನೆಚ್ಚರಿಕೆ ಮತ್ತು ಪಂಚಾಯಿತಿಯ ಹೊಣೆ

ವಾಹನ ಒಂದು ತಿಂಗಳಿಗಿಂತ ಹೆಚ್ಚು ನಿಲ್ಲುವುದು ಖಚಿತವಾದರೆ ಟ್ಯಾಂಕನ್ನು ಹೊಸ ಇಂಧನದಿಂದ ಬಹುಪಾಲು ತುಂಬಿಸಿ, ಇಂಧನ ಕೆಡದಂತೆ ತಡೆಯುವ ದ್ರವವನ್ನು ಬೆರೆಸಿ, ಹತ್ತು ನಿಮಿಷ ಎಂಜಿನ್ ಓಡಿಸಿ ನಿಲ್ಲಿಸಬೇಕು. ಸಾಧ್ಯವಿದ್ದಲ್ಲಿ ಹದಿನೈದು ದಿನಕ್ಕೊಮ್ಮೆ ಎಂಜಿನ್ ಪೂರ್ತಿ ಬಿಸಿಯಾಗುವವರೆಗೆ ರಸ್ತೆಯಲ್ಲಿ ಓಡಿಸುವುದು ಇನ್ನೂ ಉತ್ತಮ. ನಿಂತಲ್ಲಿಯೇ ಎರಡು ನಿಮಿಷ ಚಾಲೂ ಮಾಡಿ ಆರಿಸುವುದರಿಂದ ಉಪಯೋಗಕ್ಕಿಂತ ಹಾನಿಯೇ ಹೆಚ್ಚು. ಎಂಜಿನ್‌ನಲ್ಲಿ ತೇವ ಸೇರುತ್ತದೆ.

ಪಂಚಾಯಿತಿಯ ವಾಹನಗಳ ವಿಷಯದಲ್ಲಿ ಲಾಗ್ ಪುಸ್ತಕದಲ್ಲಿ ಓಡಿದ ದಿನಗಳಷ್ಟೇ ಅಲ್ಲದೆ ನಿಂತ ದಿನಗಳೂ ಕಾರಣ ಸಹಿತ ದಾಖಲಾಗಬೇಕು. ದುರಸ್ತಿಗೆ ವೆಚ್ಚ ಮಾಡುವ ಮೊದಲು ವಾಹನದ ವಯಸ್ಸನ್ನು ನೋಡಬೇಕು. ಸರ್ಕಾರಿ ಒಡೆತನದ ವಾಹನಗಳ ನೋಂದಣಿಯನ್ನು 15 ವರ್ಷಗಳ ನಂತರ ನವೀಕರಿಸುವಂತಿಲ್ಲವೆಂಬ ನಿಯಮ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅವಧಿ ಮುಗಿಯುವ ಹಂತದಲ್ಲಿರುವ ವಾಹನದ ಟ್ಯಾಂಕು ತೊಳೆಸಿ ಫಲವಿಲ್ಲ.

ಸ್ವಚ್ಛ ವಾಹಿನಿಗಳನ್ನು ಇಂದು ಅನೇಕ ಗ್ರಾಮಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರು ಓಡಿಸುತ್ತಿದ್ದಾರೆ. ವಾಹನ ಒಂದು ವಾರ ನಿಂತರೆ ಊರಿನ ಕಸ ಒಂದು ವಾರ ನಿಲ್ಲುತ್ತದೆ; ತಿಂಗಳು ನಿಂತರೆ ಚಾಲಕಿಯ ಸಂಸಾರದ ಆದಾಯಕ್ಕೂ ಕುತ್ತು. ಆದ್ದರಿಂದ ಇಂಧನದ ವಾಸನೆ ಹಾಗೂ ಬಣ್ಣದ ಬದಲಾವಣೆಯನ್ನು ಗುರುತಿಸುವ ತಿಳಿವಳಿಕೆ ಮೆಕ್ಯಾನಿಕ್‌ಗೆ ಮಾತ್ರವಲ್ಲದೆ ಚಾಲಕಿಗೂ, ಬಿಲ್ಲಿಗೆ ಸಹಿ ಹಾಕುವ ಅಧಿಕಾರಿಗೂ ಇರುವುದು ಆವಶ್ಯಕ.

ಅಭ್ಯಾಸ

1. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ ಏಕೆ?
2. ಗಾಜಿನ ಜಾಡಿಯಲ್ಲಿ ಎರಡು ಪದರ ಕಂಡರೆ ಮುಂದಿನ ಕ್ರಮವೇನು?
3. ಪೆಟ್ರೋಲ್ ನುಂಗಿದ ವ್ಯಕ್ತಿಗೆ ಏನು ಮಾಡಬಾರದು?
4. ತಮ್ಮ ಪಂಚಾಯಿತಿ ಆವರಣದಲ್ಲಿ ನಿಂತಿರುವ ವಾಹನಗಳ ಪಟ್ಟಿ ಮಾಡಿ, ಪ್ರತಿಯೊಂದೂ ಯಾವ ದಿನಾಂಕದಿಂದ ನಿಂತಿದೆ ಎಂಬುದನ್ನು ಲಾಗ್ ಪುಸ್ತಕದೊಡನೆ ತಾಳೆ ನೋಡಿ.