ಮೂರು ಕಂಪನಿಯ ಸ್ಪೀಕರುಗಳು, ಒಂದು ತಾಳ

ಇತಿಹಾಸವನ್ನೂ ಅರ್ಥಶಾಸ್ತ್ರವನ್ನೂ ಓದುವ ಬಿ.ಎ. ತರಗತಿಯ ವಿದ್ಯಾರ್ಥಿಯೊಬ್ಬನು ಸ್ಪೀಕರುಗಳನ್ನು ಕುರಿತು ಬರೆಯಹೊರಟರೆ ವಿಜ್ಞಾನ ಓದಿದ ಮಿತ್ರರು ನಗಬಹುದು. ನಗಲಿ. ನನಗೂ ಈ ವಿಷಯದ ಗೊಡವೆ ಬೇಕಿರಲಿಲ್ಲ. ಆದರೆ ಕಳೆದ ಮಳೆಗಾಲದಲ್ಲಿ ನಮ್ಮ ಅಜ್ಜ ಹಾಡು ಕೇಳುವುದನ್ನೇ ಬಿಟ್ಟುಬಿಟ್ಟರು. ಅದಕ್ಕೆ ಕಾರಣನಾದವನು ನಾನೇ. ಆದುದರಿಂದ ಕಾರಣವನ್ನು ಹುಡುಕುವ ಹೊಣೆಯೂ ನನ್ನದಾಯಿತು.

ನಮ್ಮ ಮನೆ ಅಂಕೋಲಾ ತಾಲೂಕಿನ ಹಾರವಾಡದಲ್ಲಿದೆ. ಚಿರೇಕಲ್ಲಿನ ಗೋಡೆ, ಹಂಚಿನ ಮಾಡು, ಮುಂದೆ ಜಗುಲಿ, ಹಿಂದೆ ಅಡುಗೆಮನೆ, ನಡುವೆ ಬೆಳಕು ಕಡಿಮೆಯಾದ ಒಂದು ಕೋಣೆ. ಅಜ್ಜ ಪ್ರಾಯದಲ್ಲಿ ದೋಣಿಯ ದುಡಿಮೆಯ ಜೊತೆಗೆ ಊರ ಬಯಲಾಟಗಳಲ್ಲಿ ಮದ್ದಳೆ ಬಾರಿಸಿದವರು. ಅಕ್ಷರ ಬಾರದು, ತಾಳ ಮಾತ್ರ ರಕ್ತದಲ್ಲಿದೆ. ಎರಡು ವರ್ಷದ ಹಿಂದೆ ಜಾರಿ ಬಿದ್ದು ಸೊಂಟ ಮುರಿದ ಮೇಲೆ ಆ ನಡುಕೋಣೆಯ ಮಂಚವೇ ಅವರ ಪ್ರಪಂಚವಾಗಿದೆ. ಆಟದ ಹಾಡು ಅವರಿಗೂ ಕೇಳಬೇಕು, ಅಡುಗೆಮನೆಯಲ್ಲಿ ಆಯಿಗೂ ಕೇಳಬೇಕು, ಜಗುಲಿಯಲ್ಲಿ ಬಲೆ ನೇಯುವ ಅಪ್ಪನಿಗೂ ಕೇಳಬೇಕು ಎಂಬುದು ನನ್ನ ಆಸೆ. ಮನೆಯಲ್ಲಿ ಮೂರು ನಿಸ್ತಂತು ಸ್ಪೀಕರುಗಳು ಕೂಡಿದ್ದವು. ಗೋವೆಯಲ್ಲಿ ದುಡಿಯುವ ಅಣ್ಣ ಚವತಿಗೆ ತಂದದ್ದು ಒಂದು, ಹುಬ್ಬಳ್ಳಿಯ ಮಾವ ಕೊಟ್ಟದ್ದು ಒಂದು, ವಿದ್ಯಾರ್ಥಿವೇತನದಲ್ಲಿ ನಾನು ಕೊಂಡದ್ದು ಒಂದು. ಮೂರೂ ಮೂರು ಕಂಪನಿಯವು.

ನನ್ನ ಫೋನು ಏಕಕಾಲಕ್ಕೆ ಎರಡು ಬ್ಲೂಟೂತ್ ಸ್ಪೀಕರುಗಳಿಗೆ ಹಾಡು ಕಳಿಸಬಲ್ಲುದು. ಒಂದನ್ನು ಅಜ್ಜನ ತಲೆದೆಸೆಗೂ ಇನ್ನೊಂದನ್ನು ಅಡುಗೆಮನೆಗೂ ಇಟ್ಟು, ನೆಬ್ಬೂರು ನಾರಾಯಣ ಭಾಗವತರ ಪದ್ಯವೊಂದನ್ನು ಹಚ್ಚಿದೆ. ಆಯಿ ಸಂತೋಷಪಟ್ಟಳು. ಅಜ್ಜ ಎರಡು ನಿಮಿಷ ಕೇಳಿ ಮುಖ ಗೋಡೆಗೆ ತಿರುಗಿಸಿದರು. “ಎಂತಕೋ ಇಬ್ಬರು ಮದ್ದಳೆಯವರನ್ನ ಕೂಡ್ಸಿದೆ? ಒಬ್ಬನಿಗೆ ತಾಳಾನೇ ಇಲ್ಲ. ನಿಲ್ಸು ಮಗಾ” ಎಂದರು. ನಿಲ್ಲಿಸಿದೆ. ಮರುದಿನ ಒಂದೇ ಸ್ಪೀಕರಿನಲ್ಲಿ ಹಚ್ಚಲೇ ಎಂದು ಕೇಳಿದರೆ, “ಬೇಡ, ನಿನ್ನ ಆಯಿ ಕೇಳ್ಕೊಳ್ಳಲಿ” ಎಂದುಬಿಟ್ಟರು. ಹೀಗೆ ಒಂದು ತಿಂಗಳು ಕಳೆಯಿತು. ಮುದುಕರ ಮನಸ್ಸು ಮುರಿದರೆ ಕೂಡಿಸುವುದು ಸುಲಭವಲ್ಲ.

ಕಾಲೇಜಿನ ಭೌತಶಾಸ್ತ್ರದ ಉಪನ್ಯಾಸಕರೊಬ್ಬರಲ್ಲಿ ಈ ಸಂಗತಿಯನ್ನು ಅಳುಕುತ್ತಲೇ ಹೇಳಿದೆ. ಅವರು ನಗಲಿಲ್ಲ. ಎರಡು ಸ್ಪೀಕರುಗಳನ್ನೂ ಅಕ್ಕಪಕ್ಕದಲ್ಲಿಟ್ಟು, ಒಂದೇ ಒಂದು ಚಪ್ಪಾಳೆಯ ಸದ್ದನ್ನು ಹಚ್ಚಿ, ಅದನ್ನು ಇನ್ನೊಂದು ಫೋನಿನಲ್ಲಿ ಮುದ್ರಿಸಿಕೊಂಡು ಬಾ ಎಂದರು. ಅದರ ಅಲೆಯನ್ನು ಕಂಪ್ಯೂಟರಿನ ಪರದೆಯ ಮೇಲೆ ಹಿಗ್ಗಿಸಿ ನೋಡಿದಾಗ ಒಂದು ಚಪ್ಪಾಳೆಗೆ ಎರಡು ಗುಡ್ಡೆಗಳು ಕಂಡವು. ನಡುವಿನ ಅಂತರ ಸುಮಾರು ೧೮೦ ಮಿಲಿಸೆಕೆಂಡು. ನಮ್ಮ ಕರಾವಳಿಯ ಸೆಕೆಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು ೩೫೦ ಮೀಟರ್ ಚಲಿಸುತ್ತದೆ. ಲೆಕ್ಕ ಹಾಕಿ ನೋಡಿರಿ: ಒಬ್ಬ ಮದ್ದಳೆಗಾರ ಅಜ್ಜನ ಮಗ್ಗುಲಲ್ಲಿ, ಇನ್ನೊಬ್ಬ ೬೩ ಮೀಟರ್ ಆಚೆ ಗದ್ದೆಯ ಬದುವಿನ ಮೇಲೆ! ಅಜ್ಜ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಹಾಗಾದರೆ ಎಷ್ಟು ಅಂತರವನ್ನು ಕಿವಿ ಸಹಿಸೀತು? ಜರ್ಮನಿಯ ಹೆಲ್ಮುಟ್ ಹಾಸ್ ಎಂಬವರು ೧೯೪೯ರ ತಮ್ಮ ಪ್ರಬಂಧದಲ್ಲಿ ಇದನ್ನು ಶೋಧಿಸಿದರು. ಮಾತಿನ ಸದ್ದು ಎರಡು ಕಡೆಯಿಂದ ಬಂದರೂ ನಡುವಿನ ಅಂತರ ೩೦-೪೦ ಮಿಲಿಸೆಕೆಂಡಿನ ಒಳಗಿದ್ದರೆ ಕಿವಿ ಎರಡನ್ನೂ ಬೆಸೆದು ಒಂದೇ ಎಂದು ತಿಳಿಯುತ್ತದೆ, ಮೀರಿದರೆ ಪ್ರತಿಧ್ವನಿಯಾಗುತ್ತದೆ. ಮದ್ದಳೆಯ ಪೆಟ್ಟಿನಂಥ ಚೂಪಾದ ಸದ್ದಿಗೆ ಕಿವಿಯ ಸಹನೆ ಇನ್ನೂ ಕಡಿಮೆ. ಆಯಿ ಕೇಳುತ್ತಿದ್ದದ್ದು ಹಾಡಿನ ಮಾತನ್ನು, ಅದೂ ಒಗ್ಗರಣೆಯ ಸದ್ದಿನ ನಡುವೆ. ಅಜ್ಜ ಕೇಳುತ್ತಿದ್ದದ್ದು ಪೆಟ್ಟನ್ನು.

ಇನ್ನು ಈ ವಿಳಂಬ ಹುಟ್ಟುವುದೆಲ್ಲಿ? ಫೋನು ಹಾಡನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಹಿಂಡಿ ಕಿರಿದು ಮಾಡಿ ಗಾಳಿಯಲ್ಲಿ ಕಳಿಸುತ್ತದೆ. ದಾರಿಯಲ್ಲಿ ಪೊಟ್ಟಣ ಕಳೆದರೆ ಮತ್ತೆ ಕಳಿಸಬೇಕು. ಅಷ್ಟರಲ್ಲಿ ಹಾಡು ಕಡಿಯಬಾರದೆಂದು ಸ್ಪೀಕರು ಒಂದಿಷ್ಟು ಪೊಟ್ಟಣಗಳನ್ನು ಮೊದಲೇ ಕೂಡಿಟ್ಟುಕೊಂಡು ಆಮೇಲೆ ನುಡಿಸಲು ತೊಡಗುತ್ತದೆ. ಎಷ್ಟು ಕೂಡಿಡಬೇಕೆಂಬುದು ಆಯಾ ಕಂಪನಿಯ ಇಷ್ಟ. ಒಬ್ಬನ ಕಣಜ ದೊಡ್ಡದು, ಇನ್ನೊಬ್ಬನದು ಚಿಕ್ಕದು. ಆದುದರಿಂದಲೇ ಒಬ್ಬ ಮುಂದೆ, ಒಬ್ಬ ಹಿಂದೆ.

ಹಾಗಾದರೆ ಮುಂದಿನವನನ್ನು ೧೮೦ ಮಿಲಿಸೆಕೆಂಡು ತಡೆದರಾಯಿತಲ್ಲ ಎಂದು ನಾನು ಕೇಳಿದೆ. ಅಷ್ಟಕ್ಕೇ ಮುಗಿಯುವುದಿಲ್ಲವಂತೆ. ಪ್ರತಿ ಸ್ಪೀಕರಿನೊಳಗೂ ಒಂದು ಸ್ಫಟಿಕದ ಗಡಿಯಾರವಿದೆ, ಮತ್ತು ಯಾವ ಎರಡು ಗಡಿಯಾರಗಳೂ ತಂತಮ್ಮಷ್ಟಕ್ಕೆ ಸಂಪೂರ್ಣ ಸರಿಹೊಂದವು. ವ್ಯತ್ಯಾಸ ಹತ್ತು ಲಕ್ಷಕ್ಕೆ ೨೦ರಷ್ಟೇ ಇದ್ದರೂ, ಯಾರೂ ತಿದ್ದದೆ ಬಿಟ್ಟರೆ ಎಂಟು ಗಂಟೆಯ ಇಡೀ ರಾತ್ರಿಯ ಆಟ ಮುಗಿಯುವ ಹೊತ್ತಿಗೆ ಅರ್ಧ ಸೆಕೆಂಡಿಗೂ ಹೆಚ್ಚು ಅಂತರ ಬಿದ್ದಿರುತ್ತದೆ. ಆಟದಲ್ಲಿ ಮದ್ದಳೆಯವನೂ ಚಂಡೆಯವನೂ ವೇಷಧಾರಿಯೂ ಭಾಗವತನ ಕೈಯ ತಾಳಕ್ಕೆ ಕಿವಿಯಿಟ್ಟು ಕ್ಷಣಕ್ಷಣವೂ ತಮ್ಮನ್ನು ತಿದ್ದಿಕೊಳ್ಳುತ್ತಾರಷ್ಟೆ. ಸ್ಪೀಕರುಗಳಿಗೂ ಅಂಥ ಒಬ್ಬ ಭಾಗವತ ಬೇಕು. ಒಂದೇ ಕಂಪನಿಯ ಸ್ಪೀಕರುಗಳಿಗೆ ಆ ಕಂಪನಿಯೇ ಭಾಗವತನನ್ನು ಒದಗಿಸಿರುತ್ತದೆ. ಆದರೆ ಅವನ ತಾಳ ನೆರೆಮೇಳದವರಿಗೆ ತಿಳಿಯದಂತೆ ಗುಟ್ಟಾಗಿ ಇಟ್ಟಿರುತ್ತದೆ. ಒಂದು ಪೆಟ್ಟಿಗೆ ಕೊಂಡವನು ಎರಡನೆಯದನ್ನೂ ತನ್ನಲ್ಲಿಯೇ ಕೊಳ್ಳಲಿ ಎಂಬ ವ್ಯಾಪಾರದ ಜಾಣತನ ಇದರಲ್ಲಿಲ್ಲವೆಂದು, ಅರ್ಥಶಾಸ್ತ್ರ ಓದುವ ನಾನಂತೂ ನಂಬಲಾರೆ. ಒಂದೇ ಮನೆತನದೊಳಗೂ ಈ ಬೇಲಿ ಉಂಟು: ಜೆಬಿಎಲ್ ಕಂಪನಿಯ ‘ಕನೆಕ್ಟ್ ಪ್ಲಸ್’ ಸ್ಪೀಕರುಗಳು ಅದೇ ಕಂಪನಿಯ ‘ಪಾರ್ಟಿಬೂಸ್ಟ್’ ಸ್ಪೀಕರುಗಳೊಡನೆ ಕೂಡಲಾರವು. ತಮಾಷೆಯೆಂದರೆ ಬ್ಲೂಟೂತ್ ಎಂಬ ಹೆಸರು ಬಂದದ್ದು ಹತ್ತನೆಯ ಶತಮಾನದ ಡೆನ್ಮಾರ್ಕಿನ ಅರಸನೊಬ್ಬನಿಂದ. ಹರಿದು ಹಂಚಿಹೋಗಿದ್ದ ಜನರನ್ನು ಒಂದುಗೂಡಿಸಿದವನು ಅವನು.

ಆದರೂ ದಾರಿಗಳಿವೆ. ಆ್ಯಪಲ್ ಕಂಪನಿಯ ‘ಏರ್‌ಪ್ಲೇ ೨’ ೨೦೧೮ರಲ್ಲಿ ಬಂದಿತು. ಸೋನೋಸ್, ಬೋಸ್ ಮೊದಲಾದ ಬೇರೆ ಕಂಪನಿಗಳ ಕೆಲವು ಸ್ಪೀಕರುಗಳೂ ಈ ಭಾಷೆಯನ್ನು ಬಲ್ಲವು. ಬಲ್ಲವುಗಳನ್ನೆಲ್ಲ ಐಫೋನಿನಿಂದ ಒಟ್ಟಿಗೆ ನುಡಿಸಬಹುದು. ಗೂಗಲಿನ ‘ಕ್ಯಾಸ್ಟ್’ ಕೂಡ ಹೀಗೆಯೇ. ಇವೆರಡಕ್ಕೂ ಮನೆಯಲ್ಲಿ ವೈ-ಫೈ ಬೇಕು, ಮತ್ತು ನಮ್ಮ ಚಿರೇಕಲ್ಲಿನ ದಪ್ಪ ಗೋಡೆಗಳು ಆ ಅಲೆಗಳನ್ನು ನುಂಗುತ್ತವೆ. ೨೦೨೨ರಲ್ಲಿ ಬ್ಲೂಟೂತ್ ಸಂಘವೇ ‘ಆರಾಕ್ಯಾಸ್ಟ್’ ಎಂಬ ಹೆಸರಿನಿಂದ, ಒಂದು ಕಡೆಯಿಂದ ಎಷ್ಟು ಸ್ಪೀಕರುಗಳಿಗಾದರೂ ಬಿತ್ತರಿಸುವ ಪದ್ಧತಿಯನ್ನು ಸಾರಿತು. ಹಳೆಯ ಸ್ಪೀಕರುಗಳಿಗೆ ಅದರಿಂದ ಉಪಯೋಗವಿಲ್ಲ. ಕೈಯಲ್ಲಿ ತಾಳ್ಮೆಯಿದ್ದವರು ‘ಸ್ನ್ಯಾಪ್‌ಕ್ಯಾಸ್ಟ್’ ಎಂಬ ಉಚಿತ ತಂತ್ರಾಂಶವನ್ನು ರಾಸ್‌ಬೆರ್ರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರುಗಳಲ್ಲಿ ಹಾಕಿ, ಯಾವ ಕಂಪನಿಯ ಸ್ಪೀಕರನ್ನಾದರೂ ತಂತಿಯಿಂದ ಅದಕ್ಕೆ ಜೋಡಿಸಬಹುದು. ಪ್ರತಿ ಕೋಣೆಗೂ ಒಂದು ಪೈ ಬೇಕು. ನನ್ನಲ್ಲಿ ತಾಳ್ಮೆಯಿತ್ತು, ಹಣವಿರಲಿಲ್ಲ.

ಇದನ್ನೆಲ್ಲ ಅಪ್ಪನಿಗೆ ವಿವರಿಸಿದಾಗ ಅವರು ಒಂದೇ ಮಾತು ಕೇಳಿದರು: “ಹಾಗಾದ್ರೆ ರೇಡಿಯೋದಾಗೆ ಯಾಕೆ ಹೀಗಾಗ್ತಿರಲಿಲ್ಲ?” ನಾನು ನಿರುತ್ತರನಾದೆ. ೧೯೫೨ರಲ್ಲಿ ರೇಡಿಯೋ ಸಿಲೋನಿನಿಂದ ಬಿನಾಕಾ ಗೀತಮಾಲಾ ಆರಂಭವಾದ ಮೇಲೆ, ಬುಧವಾರ ರಾತ್ರಿ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆದುಹೋದರೆ ಹಾಡಿನ ಒಂದು ಸಾಲೂ ತಪ್ಪುತ್ತಿರಲಿಲ್ಲವೆಂದು ಹಿರಿಯರು ಹೇಳುವುದುಂಟು. ಮರ್ಫಿಯೇ ಇರಲಿ, ಫಿಲಿಪ್ಸೇ ಇರಲಿ, ಎಲ್ಲ ಪೆಟ್ಟಿಗೆಗಳೂ ಒಂದೇ ಕೊರಳಿನಿಂದ ಹಾಡುತ್ತಿದ್ದವು. ಅಲ್ಲಿ ಪೊಟ್ಟಣವಿಲ್ಲ, ಕಣಜವಿಲ್ಲ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್ ವೇಗದ ಅಲೆ ಬಂದ ಹಾಗೆಯೇ ಸದ್ದಾಗುತ್ತದೆ. ಆ ಅಲೆಯನ್ನು ಓದುವ ವಿಧಾನ ಯಾವ ಕಂಪನಿಯ ಗುಟ್ಟೂ ಅಲ್ಲ. ಇಂದಿಗೂ ಎರಡು ಸಾಧಾರಣ ಎಫ್.ಎಂ. ರೇಡಿಯೋಗಳನ್ನು ಎರಡು ಕೋಣೆಗಳಲ್ಲಿಟ್ಟು ಕಾರವಾರದ ಆಕಾಶವಾಣಿಯನ್ನು ಹಚ್ಚಿ ನೋಡಿರಿ. ಅದನ್ನೇ ಫೋನಿನ ಆ್ಯಪಿನಲ್ಲಿ ಕೇಳಿದರೆ ಮಾತ್ರ ಹಲವು ಸೆಕೆಂಡು ಹಿಂದೆ ಬೀಳುತ್ತೀರಿ.

ಅಪ್ಪನ ಪ್ರಶ್ನೆಯೇ ನನಗೆ ದಾರಿ ತೋರಿಸಿತು. ಮೂರು ಸ್ಪೀಕರುಗಳಲ್ಲಿ ಎರಡಕ್ಕೆ ೩.೫ ಮಿಲಿಮೀಟರಿನ ಆಕ್ಸ್ ತೂತು ಇತ್ತು. ನನ್ನ ಹೊಸ ಫೋನಿಗೆ ಅದಿಲ್ಲ, ಅಪ್ಪನ ಹಳೆಯ ಫೋನಿಗೆ ಇದೆ. ಅಂಕೋಲೆಯ ಪೇಟೆಯಿಂದ ಒಂದನ್ನು ಎರಡು ಮಾಡುವ ಕವಲು ಪಿನ್ನನ್ನೂ ಹದಿನೈದು ಮೀಟರ್ ತಂತಿಯನ್ನೂ ತಂದು, ಮಾಡಿನ ತೊಲೆಗಳ ಮೇಲಿನಿಂದ ನಡುಕೋಣೆಗೂ ಅಡುಗೆಮನೆಗೂ ಎಳೆದೆ. ಮೊದಲ ದಿನ ವಿದ್ಯುತ್ ತಂತಿಯ ಮಗ್ಗುಲಲ್ಲೇ ಎಳೆದಿದ್ದರಿಂದ ಗುಂಯ್ ಎಂಬ ಸದ್ದು ಬಂದಿತು. ಎರಡು ಅಡಿ ದೂರ ಸರಿಸಿದ ಮೇಲೆ ನಿಂತಿತು. ಮತ್ತೆ ಚಪ್ಪಾಳೆಯ ಪರೀಕ್ಷೆ ಮಾಡಿದೆ. ಎರಡು ಗುಡ್ಡೆಗಳು ಒಂದರೊಳಗೊಂದು ಕೂಡಿಹೋಗಿದ್ದವು.

ಆ ಸಂಜೆ ಅಜ್ಜನನ್ನು ಕೇಳದೆಯೇ ಅದೇ ಪದ್ಯವನ್ನು ಹಚ್ಚಿ ಬಾಗಿಲ ಮರೆಯಲ್ಲಿ ನಿಂತೆ. ಬಹಳ ಹೊತ್ತು ಅವರು ಅಲುಗಲಿಲ್ಲ. ಪದ್ಯ ಏರುಗತಿಗೆ ಬಂದಾಗ ಬಲಗೈಯ ಬೆರಳುಗಳು ಮಂಚದ ಅಂಚನ್ನು ತಟ್ಟತೊಡಗಿದವು. ಮುಗಿದ ಮೇಲೆ, “ಮತ್ತೊಬ್ಬನನ್ನ ಕಳಿಸಿಬಿಟ್ಟೆಯೇನೋ?” ಎಂದರು. “ಇಲ್ಲ ಅಜ್ಜ, ಅಡುಗೆಮನೆಯಲ್ಲೇ ಇದ್ದಾನೆ. ತಾಳ ಕಲಿತ” ಎಂದೆ.

ಆಕ್ಸ್ ತೂತಿಲ್ಲದ ಮೂರನೆಯ ಸ್ಪೀಕರು ಜಗುಲಿಯ ಗೂಡಿನಲ್ಲಿ ಸುಮ್ಮನೆ ಕುಳಿತಿದೆ. ಅದು ಅಣ್ಣ ತಂದದ್ದು. ಬರುವ ಚವತಿಗೆ ಅವನು ಬಂದು ಕೇಳಿದರೆ ಏನು ಹೇಳಬೇಕೋ ಇನ್ನೂ ಯೋಚಿಸಿಲ್ಲ.