ಒಂದು ಎರಡಾಗಿ ಕಾಣುತ್ತದೆ ಎಂದು ಬಂದವರನ್ನು ನೋಡುವಾಗ

ಮಗಳೇ, ನಾಳೆಯಿಂದ ತಾಲ್ಲೂಕು ಆಸ್ಪತ್ರೆಯ ಕಣ್ಣಿನ ವಿಭಾಗ ನಿನ್ನದು. ಕಣ್ಣನ್ನು ಹೊರಳಿಸುವ ಸ್ನಾಯು ಆರು, ಅವಕ್ಕೆ ನರ ಮೂರು. ಯಾವುದು ಸೋತಿದೆ ಎನ್ನುವುದು ಅಭ್ಯಾಸದಿಂದ ಬರುತ್ತದೆ. ಯಾಕೆ ಸೋತಿದೆ ಎನ್ನುವುದಕ್ಕೆ ನನ್ನ ಕೆಲವು ಮಾತು.

• ಮೊದಲು ಒಂದು ಕಣ್ಣು ಮುಚ್ಚಿಸು. ಆಗಲೂ ಎರಡು ಕಂಡರೆ ಸ್ನಾಯುವಿನ ತಂಟೆ ಬೇಡ. ಪೊರೆಯೋ ಕನ್ನಡಕದ ನಂಬರೋ ಇದ್ದೀತು.

• ರೆಪ್ಪೆ ಪೂರ್ತಿ ಇಳಿದವರಿಗೆ ಎರಡು ಕಾಣುವುದೇ ಇಲ್ಲ, ಹಾಗಾಗಿ ಹೇಳುವುದೂ ಇಲ್ಲ. ಬೆರಳಿನಿಂದ ರೆಪ್ಪೆ ಎತ್ತಿ, ಟಾರ್ಚ್ ಬಿಟ್ಟು ಪಾಪೆ ನೋಡು. ಡ್ರಾಪ್ಸ್ ಹಾಕುವ ಮೊದಲೇ ನೋಡಬೇಕು, ಸಿಸ್ಟರ್‌ಗೂ ಹೇಳಿಡು. ಪಾಪೆ ಹಿಗ್ಗಿ ಬೆಳಕಿಗೆ ಕುಗ್ಗದಿದ್ದರೆ, ಮಿದುಳಿನ ರಕ್ತನಾಳ ಗುಳ್ಳೆಯಂತೆ ಉಬ್ಬಿ ಮೂರನೇ ನರವನ್ನು ಒತ್ತುತ್ತಿರಬಹುದು. ಅದು ಒಡೆಯುವ ಮುಂಚೆ ಆಂಜಿಯೋ ಆಗಬೇಕು. ಅವತ್ತೇ ಆಂಬುಲೆನ್ಸಿನಲ್ಲಿ ಕಳಿಸು, ಬಸ್ಸು ಹತ್ತಿಸಬೇಡ. ಹೊಸದರಲ್ಲಿ ನಾನೊಬ್ಬರಿಗೆ ಪಾಪೆ ನೋಡದೆಯೇ "ಸಕ್ಕರೆ ಕಾಯಿಲೆಯಿಂದ ಆಗಿದ್ದು, ತಾನೇ ಸರಿಹೋಗುತ್ತೆ" ಎಂದಿದ್ದೆ. ನಾಲ್ಕನೇ ದಿನ ಅವರ ಮಗ ಒಬ್ಬನೇ ಬಂದ.

• ಸಕ್ಕರೆ, ಬಿ.ಪಿ.ಯಿಂದ ನರಕ್ಕೆ ರಕ್ತ ಸಾಲದೆ ಹೀಗಾಗುವುದು ನಿಜ, ಬಹಳ ಜನರಿಗೆ ಆಗುತ್ತದೆ. ಪಾಪೆ ಸಾಮಾನ್ಯವಾಗಿ ಕೆಡುವುದಿಲ್ಲ; ಸುಮಾರು 3 ತಿಂಗಳಲ್ಲಿ ಕಣ್ಣು ಸುಧಾರಿಸುತ್ತದೆ. ನೋವು ಎರಡರಲ್ಲೂ ಬರುತ್ತದೆ, ಅದನ್ನು ನಂಬಿ ತೀರ್ಮಾನಿಸಬೇಡ. ಮೊದಲ ವಾರ ಮತ್ತೆ ಮತ್ತೆ ಕರೆಸಿ ಪಾಪೆ ನೋಡು. ಸುಧಾರಿಸದಿದ್ದರೆ, ಇನ್ನೊಂದು ನರ ಸೇರಿಕೊಂಡರೆ, ಎಂ.ಆರ್.ಐ. ಮಾಡಿಸು.

• ಬೆಳಗ್ಗೆ ಚೆನ್ನಾಗಿದ್ದ ರೆಪ್ಪೆ ಸಂಜೆಗೆ ಜೋಲುತ್ತದೆಯೇ? ಮಯಸ್ತೇನಿಯಾ ಯಾವ ನರದ ವೇಷವನ್ನಾದರೂ ಹಾಕುತ್ತದೆ, ಪಾಪೆಯನ್ನು ಮಾತ್ರ ಮುಟ್ಟುವುದಿಲ್ಲ. ಐಸನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ರೆಪ್ಪೆಯ ಮೇಲೆ 2 ನಿಮಿಷ ಇಡು, 2 ಮಿ.ಮೀ. ಮೇಲೆದ್ದರೆ ಅನುಮಾನ ಗಟ್ಟಿ. ರಕ್ತ ಪರೀಕ್ಷೆ ನೆಗೆಟಿವ್ ಬಂತೆಂದು ಕೈಬಿಡಬೇಡ. ರೋಗ ಕಣ್ಣಿನಲ್ಲಷ್ಟೇ ಇದ್ದಾಗ ಸರಿಸುಮಾರು ಅರ್ಧ ಜನರಿಗೆ ಹಾಗೇ ಬರುತ್ತದೆ. ನುಂಗಲು, ಉಸಿರಾಡಲು ಕಷ್ಟವೇ ಎಂದು ಪ್ರತಿ ಸಲ ಕೇಳು.

• ಮೆಟ್ಟಿಲಿಳಿಯುವಾಗ ಎರಡು ಕಂಡರೆ ನಾಲ್ಕನೇ ನರ. ಬೈಕಿನಿಂದ ಬಿದ್ದಿದ್ದರೇ ಎಂದು ಕೇಳು. ಹಳೆಯ ಮದುವೆ ಆಲ್ಬಮ್ ತರಿಸು. ಅದರಲ್ಲೂ ತಲೆ ಒಂದೇ ಕಡೆ ವಾಲಿದ್ದರೆ ಬಹುಪಾಲು ಹುಟ್ಟಿನಿಂದ ಬಂದದ್ದು.

• ಕಣ್ಣುಗುಡ್ಡೆ ಮುಂದಕ್ಕೆ ಬಂದಿದ್ದರೆ ಥೈರಾಯ್ಡ್ ನೋಡಿಸು. ಅಲ್ಲಿ ಸ್ನಾಯು ಊದಿ ಬಿಗಿದಿರುತ್ತದೆ.

• ಕಣ್ಣು ಹೊರಕ್ಕೆ ಹೊರಳದ ಮಗುವಿಗೆ ತಲೆನೋವು, ವಾಂತಿ ಇದ್ದರೆ ತಲೆಯೊಳಗೆ ಒತ್ತಡ ಏರಿ ಆರನೇ ನರ ಸೋತಿರಬಹುದು. ಸ್ಕ್ಯಾನ್ ತಡಮಾಡಬೇಡ.

• ಕಾರಣ ಸಿಗುವವರೆಗೆ ದೊಡ್ಡವರಿಗೆ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಡು, ಗಾಡಿ ಓಡಿಸಬೇಡಿ ಎಂದು ಮನೆಯವರ ಎದುರೇ ಹೇಳು.