ಮುಕ್ತ ವಿಶ್ವಕೋಶದಲ್ಲಿ ಕಿಡಿಗೇಡಿ ತಿದ್ದುಪಡಿ: ಪತ್ತೆ ಮತ್ತು ಪರಿಹಾರ

ವಿಶ್ವಕೋಶವೆಂದರೆ ವಿದ್ವಾಂಸರ ಮಂಡಳಿಯೊಂದು ವರ್ಷಗಟ್ಟಲೆ ಶ್ರಮಿಸಿ ಹೊರತರುವ ಮಹಾಗ್ರಂಥವೆಂಬ ಭಾವನೆ ಕನ್ನಡ ನಾಡಿನಲ್ಲಿ ಬಹುಕಾಲ ನೆಲೆಸಿದ್ದಿತು. ಅದಕ್ಕೆ ಆಧಾರವೂ ಇದ್ದಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಪ್ರಥಮ ಸಂಪುಟ 1969ರಲ್ಲಿ ಬೆಳಕು ಕಂಡಿತು. ಹದಿನಾಲ್ಕು ಸಂಪುಟಗಳು ಪೂರ್ಣಗೊಳ್ಳಲು ಮೂರು ದಶಕಗಳಿಗೂ ಮಿಕ್ಕಿ ಕಾಲ ಹಿಡಿಯಿತು. 2001ರ ಜನವರಿ 15ರಂದು ಇಂಗ್ಲಿಷಿನಲ್ಲಿ ಆರಂಭವಾದ ವಿಕಿಪೀಡಿಯ ಈ ಕ್ರಮವನ್ನೇ ತಿರುವುಮುರುವು ಮಾಡಿತು. ಅಲ್ಲಿ ಮೊದಲು ಪ್ರಕಟಣೆ, ಅನಂತರ ಪರಿಶೀಲನೆ. ಕನ್ನಡ ಆವೃತ್ತಿ 2003ರಲ್ಲಿ ಪ್ರಾರಂಭವಾಯಿತು. ಇಂದು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ವಿದ್ಯಾರ್ಥಿಯೊಬ್ಬನು ತನ್ನ ಮನೆಯ ಜಗಲಿಯಲ್ಲಿ ಕುಳಿತು, ಯಾರ ಅಪ್ಪಣೆಯನ್ನೂ ಬೇಡದೆ, ಹರಿಹರದ ದೇವಾಲಯವನ್ನು ಕುರಿತ ಲೇಖನವನ್ನು ಕೈಯಲ್ಲಿನ ದೂರವಾಣಿಯಿಂದಲೇ ತಿದ್ದಬಲ್ಲನು. ಬಾಗಿಲು ತೆರೆದಿರುವ ಮನೆಗೆ ಅತಿಥಿಗಳೂ ಬರುತ್ತಾರೆ, ಕಿಡಿಗೇಡಿಗಳೂ ಬರುತ್ತಾರೆ.

ಕಿಡಿಗೇಡಿತನದಲ್ಲಿ ಒಂದು ಬಗೆ ಈ ಕಾಲಕ್ಕೇ ವಿಶಿಷ್ಟವಾದುದು. ಅಂತರಜಾಲದಲ್ಲಿ ಬಾಯಿಂದ ಬಾಯಿಗೆ ಎಂಬಂತೆ ಹರಡುವ ನಗೆಚಿತ್ರ, ನಗೆಮಾತುಗಳಿಗೆ ‘ಮೀಮ್’ ಎಂದು ಹೆಸರು. ಒಂದು ಮೀಮ್ ಹಬ್ಬಿದೊಡನೆ ನೂರಾರು ಜನ ಅದನ್ನೇ ವಿಶ್ವಕೋಶದ ಪುಟದಲ್ಲಿ ಬರೆದು ನಗಲು ಹೊರಡುತ್ತಾರೆ. 2006ರ ಜುಲೈ ತಿಂಗಳಲ್ಲಿ ಅಮೆರಿಕದ ದೂರದರ್ಶನದ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್, ಆಫ್ರಿಕದ ಆನೆಗಳ ಸಂಖ್ಯೆ ಆರು ತಿಂಗಳಲ್ಲಿ ಮೂರು ಪಟ್ಟಾಗಿದೆಯೆಂದು ಬರೆಯುವಂತೆ ಪ್ರೇಕ್ಷಕರಿಗೆ ಕರೆಯಿತ್ತನು. ಆತನ ಉದ್ದೇಶ ವಿಡಂಬನೆ. ಪರಿಣಾಮವಾಗಿ ಆನೆಗೆ ಸಂಬಂಧಿಸಿದ ಪುಟಗಳಿಗೆ ಬೀಗ ಹಾಕಬೇಕಾಯಿತು. ಇದು ನಕ್ಕು ಮರೆಯುವಂಥದು. 2022ರ ಸೆಪ್ಟೆಂಬರ್ 4ರಂದು ದುಬೈನಲ್ಲಿ ನಡೆದುದು ಹಾಗಲ್ಲ. ಏಷ್ಯಾ ಕಪ್ ಪಂದ್ಯದಲ್ಲಿ ಪಾಕಿಸ್ತಾನದ ವಿರುದ್ಧ ಕ್ಯಾಚೊಂದನ್ನು ಕೈಬಿಟ್ಟ ಅರ್ಷದೀಪ್ ಸಿಂಗ್ ಅವರ ಪುಟದಲ್ಲಿ ‘ಭಾರತ’ ಎಂದಿದ್ದಲ್ಲಿ ‘ಖಾಲಿಸ್ತಾನ’ ಎಂದು ಯಾರೋ ಸೇರಿಸಿದರು. ಸ್ವಯಂಸೇವಕರು ಕೆಲವೇ ನಿಮಿಷಗಳಲ್ಲಿ ಅದನ್ನು ಅಳಿಸಿ ಪುಟಕ್ಕೆ ರಕ್ಷಣೆ ಒದಗಿಸಿದರು. ಅಷ್ಟರಲ್ಲಿ ಆ ಪುಟದ ಛಾಯಾಪ್ರತಿ ದೇಶವೆಲ್ಲ ಹರಡಿಯಾಗಿತ್ತು. ಕೇಂದ್ರ ಸರ್ಕಾರವು ವಿಕಿಪೀಡಿಯದವರಿಂದ ವಿವರಣೆ ಕೇಳಿತು. ಪುಟವನ್ನು ತೊಳೆದರೂ ಚಿತ್ರವನ್ನು ತೊಳೆಯಲಾಗದು ಎಂಬುದು ಇಲ್ಲಿನ ಕಷ್ಟ. ಒಬ್ಬ ಯುವಕನ ದೇಶನಿಷ್ಠೆಯನ್ನು ಶಂಕಿಸಲು ಆ ಕೆಲವು ನಿಮಿಷಗಳೇ ಸಾಕಾದವು.

ಈ ಬಗೆಯ ತಿದ್ದುಪಡಿಯನ್ನು ಎದುರಿಸುವ ಕ್ರಮ ಅರಿಯಬೇಕಾದರೆ ಮೊದಲು ‘ಇತಿಹಾಸ’ವೆಂಬ ಪುಟವನ್ನು ತಿಳಿಯಬೇಕು. ಪ್ರತಿಯೊಂದು ಲೇಖನದ ಹಿಂದೆಯೂ ಅದರ ಎಲ್ಲ ಹಳೆಯ ರೂಪಗಳು, ತಿದ್ದಿದವರ ಗುರುತು, ದಿನ, ಗಳಿಗೆಗಳೊಡನೆ ಉಳಿದಿರುತ್ತವೆ. ಶಿಕ್ಷಕರಿಗೆ ಇದರ ಮಹತ್ವ ವಚನಗಳ ಓಲೆಗರಿಗಳನ್ನು ನೆನೆದರೆ ಚೆನ್ನಾಗಿ ಹೊಳೆಯುತ್ತದೆ. ಫ. ಗು. ಹಳಕಟ್ಟಿಯವರು ಊರೂರು ಅಲೆದು ಹಸ್ತಪ್ರತಿ ಕೂಡಿಹಾಕಿ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು. ಅವರಿಗೂ ಅವರ ತರುವಾಯದ ಸಂಪಾದಕರಿಗೂ ಎದುರಾದ ದೊಡ್ಡ ತೊಡಕೆಂದರೆ ಪ್ರಕ್ಷಿಪ್ತ. ಶರಣರ ಅಂಕಿತವನ್ನಿಟ್ಟು ಮುಂದಿನವರು ಸೇರಿಸಿದ ವಚನ ಯಾವುದು, ಲಿಪಿಕಾರನ ಕೈತಪ್ಪು ಯಾವುದು ಎಂಬುದನ್ನು ಓಲೆ ತಾನಾಗಿ ಹೇಳದು; ಪ್ರತಿಗೆ ಪ್ರತಿ ಇಟ್ಟು ಹೋಲಿಸಿ ಊಹಿಸಬೇಕು. ಅಂತರಜಾಲದ ಪುಟದಲ್ಲಾದರೋ ಸೇರಿಸಿದ ಅಕ್ಷರವೂ ಸೇರಿಸಿದ ಕ್ಷಣವೂ ಕಣ್ಣೆದುರಿಗಿವೆ. ಹಳಕಟ್ಟಿಯವರಿಗೆ ಇಂತಹ ಸೌಲಭ್ಯ ಒದಗಿದ್ದರೆ ಎಷ್ಟು ವರ್ಷಗಳ ಶ್ರಮ ಉಳಿಯುತ್ತಿತ್ತೋ!

ಅಪದ್ಧವನ್ನು ಕಂಡಾಗ ಕಡೆಯ ತಿದ್ದುಪಡಿಯನ್ನು ಮಾತ್ರ ರದ್ದುಮಾಡಿ ಸುಮ್ಮನಾಗುವುದು ಹೊಸಬರ ಸಾಮಾನ್ಯ ತಪ್ಪು. ಕಿಡಿಗೇಡಿಯು ಒಂದರ ಹಿಂದೊಂದು ನಾಲ್ಕು ತಿದ್ದುಪಡಿ ಮಾಡಿದ್ದರೆ ಮೇಲಿನದು ಹೋಗಿ ಕೆಳಗಿನ ಮೂರು ಉಳಿಯುತ್ತವೆ. ಅಲ್ಲದೆ, ಈಗತಾನೆ ಯಾರೋ ಸರಿಪಡಿಸಿದ್ದಾರೆಂದು ಉಳಿದವರೂ ನಿಶ್ಚಿಂತರಾಗುತ್ತಾರೆ. ಆದುದರಿಂದ ಇತಿಹಾಸದಲ್ಲಿ ಹಿಂದಕ್ಕೆ ನಡೆದು, ನಿರ್ದುಷ್ಟವಾದ ಕಡೆಯ ರೂಪವನ್ನು ಗುರುತಿಸಿ, ಅದನ್ನೇ ಮರುಸ್ಥಾಪಿಸಬೇಕು. ತಿದ್ದಿದವನ ಚರ್ಚೆಯ ಪುಟದಲ್ಲಿ ಸೌಮ್ಯವಾದ ಎಚ್ಚರಿಕೆ ಬರೆಯಬೇಕು. ಮತ್ತೆ ಮತ್ತೆ ಮಾಡಿದರೆ ನಿರ್ವಾಹಕರು ಅವನನ್ನು ತಡೆಹಿಡಿಯುತ್ತಾರೆ. ಅನೇಕರು ಏಕಕಾಲಕ್ಕೆ ಮುತ್ತಿದರೆ ಹೊಸ ಸದಸ್ಯರೂ ಅನಾಮಧೇಯರೂ ಮುಟ್ಟದಂತೆ ಕೆಲಕಾಲ ಪುಟವನ್ನು ರಕ್ಷಿಸುವುದುಂಟು. ಕಿಡಿಗೇಡಿಯೊಡನೆ ವಾದಕ್ಕಿಳಿಯುವುದು, ಅವನ ಚಾತುರ್ಯವನ್ನು ಹೊಗಳಿ ನಗುವುದು ಎರಡೂ ಸಲ್ಲವು. ಅವನು ಬಯಸುವುದು ಪ್ರೇಕ್ಷಕರನ್ನೇ. ಇಂಗ್ಲಿಷ್ ಆವೃತ್ತಿಯಲ್ಲಿ 2010ರಿಂದ ‘ಕ್ಲೂಬಾಟ್ ಎನ್‌ಜಿ’ ಎಂಬ ಯಂತ್ರಕ್ರಮವು ಹಿಂದಿನ ಉದಾಹರಣೆಗಳಿಂದ ಕಲಿತು, ಎದ್ದುಕಾಣುವ ಕಿಡಿಗೇಡಿತನವನ್ನು ಮನುಷ್ಯರ ಕಣ್ಣಿಗೆ ಬೀಳುವ ಮೊದಲೇ ಅಳಿಸುತ್ತ ಬಂದಿದೆ.

ಆದರೆ ಕಾಣುವ ಹುಚ್ಚಾಟಕ್ಕಿಂತ ಕಾಣದ ಸುಳ್ಳೇ ಹೆಚ್ಚು ಅಪಾಯಕಾರಿ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಆ ಪುಟದಲ್ಲಿ ಚಿತ್ರನಟನೊಬ್ಬನ ನಗೆಮಾತನ್ನು ತುರುಕಿದರೆ ಯಾರಾದರೂ ಕ್ಷಣದಲ್ಲಿ ಕಾಣುತ್ತಾರೆ. 1224 ಎಂಬುದನ್ನು 1242 ಎಂದು ತಿರುಗಿಸಿದರೆ? ಅಂಕಿ ನಾಲ್ಕೂ ಅವೇ, ಶತಮಾನವೂ ಅದೇ. ವಿದ್ಯಾರ್ಥಿಯ ಟಿಪ್ಪಣಿಗೆ, ಅಲ್ಲಿಂದ ಪ್ರವಾಸಿ ಕೈಪಿಡಿಗೆ ಅದು ಸದ್ದಿಲ್ಲದೆ ದಾಟುತ್ತದೆ. ಕೊನೆಗೆ ಆ ಕೈಪಿಡಿಯನ್ನೇ ಯಾರೋ ಪುಟದಲ್ಲಿ ಆಧಾರವೆಂದು ನಮೂದಿಸಿದರೆ ಸುಳ್ಳಿಗೆ ಸಾಕ್ಷಿಯೂ ಸಿದ್ಧ. ಇದು ಬರಿಯ ಕಲ್ಪನೆಯಲ್ಲ. 2008ರಲ್ಲಿ ಅಮೆರಿಕದ ವಿದ್ಯಾರ್ಥಿಯೊಬ್ಬನು ದಕ್ಷಿಣ ಅಮೆರಿಕದ ಕೋಟಿ ಎಂಬ ಪ್ರಾಣಿಗೆ ‘ಬ್ರೆಜಿಲಿನ ಆರ್ಡ್‌ವಾರ್ಕ್’ ಎಂಬ ಹೆಸರೂ ಉಂಟೆಂದು ತಮಾಷೆಗೆ ಬರೆದನು. ಪತ್ರಿಕೆಗಳು ಅದನ್ನು ಎತ್ತಿಕೊಂಡವು; ಆ ಪತ್ರಿಕೆಗಳೇ ಮುಂದೆ ಆಧಾರಗಳಾದವು. ಸಂಗತಿ ಬಯಲಾದುದು 2014ರಲ್ಲಿ.

ತಪ್ಪೆಲ್ಲವೂ ಕಿಡಿಗೇಡಿತನವಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ದಾವಣಗೆರೆಯ ಹೆಸರನ್ನು ಇಂಗ್ಲಿಷಿನಲ್ಲಿ ಜಿಲ್ಲಾಡಳಿತ ಒಂದು ಬಗೆಯಾಗಿ ಬರೆದರೆ, 2009ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯದ ಹೆಸರಿನಲ್ಲಿ ನಡುವಣ ಒಂದು ಸ್ವರ ಲೋಪವಾಗಿದೆ. ಒಂದನ್ನು ಮತ್ತೊಂದಕ್ಕೆ ತಿದ್ದುವವನು ಊರಿನ ಅಭಿಮಾನಿಯೇ ಹೊರತು ವಿಧ್ವಂಸಕನಲ್ಲ. ಅವನಿಗೆ ತಡೆಯಲ್ಲ, ಚರ್ಚೆ ಬೇಕು. ಕನ್ನಡ ವಿಕಿಪೀಡಿಯದಲ್ಲಿ ಇಂತಹ ಸಾಮಾನ್ಯ ಚರ್ಚೆಗಳ ಪುಟಕ್ಕೆ ‘ಅರಳಿ ಕಟ್ಟೆ’ ಎಂದೇ ಹೆಸರಿಟ್ಟಿರುವುದು ಔಚಿತ್ಯಪೂರ್ಣವಾಗಿದೆ.

ಕನ್ನಡದ ಮಟ್ಟಿಗೆ ನಿಜವಾದ ಕೊರತೆ ಕಾವಲುಗಾರರದು. ಇಂಗ್ಲಿಷಿನಲ್ಲಿ ಒಂದು ಪುಟದ ಮೇಲೆ ನೂರು ಕಣ್ಣಿದ್ದರೆ ಕನ್ನಡದಲ್ಲಿ ಅನೇಕ ಪುಟಗಳ ಮೇಲೆ ಒಂದೂ ಇಲ್ಲ. ಕಣ್ಣಿಲ್ಲದ ಭಾಷೆಗೆ ಏನಾಗಬಲ್ಲುದೆಂಬುದು 2020ರಲ್ಲಿ ಸ್ಕಾಟ್ಸ್ ಭಾಷೆಯ ವಿಕಿಪೀಡಿಯದಲ್ಲಿ ಕಂಡುಬಂದಿತು. ಆ ಭಾಷೆಯನ್ನರಿಯದ ಅಮೆರಿಕದ ಹುಡುಗನೊಬ್ಬನು ದುರುದ್ದೇಶವಿಲ್ಲದೆಯೇ ಸಾವಿರಾರು ಲೇಖನಗಳನ್ನು ಬರೆದು ತುಂಬಿಸಿದ್ದನು. ವರ್ಷಗಳವರೆಗೆ ಯಾರೂ ಕೇಳಲಿಲ್ಲ.

ಶಾಲೆಗಳು ಮಾಡಬಹುದಾದುದು ದುಬಾರಿಯೇನಲ್ಲ. ದಾವಣಗೆರೆ, ಹರಿಹರ, ಸುತ್ತಲ ಊರುಗಳು, ಮಠಮಂದಿರಗಳು ಇವುಗಳ ಪುಟಗಳನ್ನು ಹತ್ತು ಮಂದಿ ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ತಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಂಡರೆ ಪ್ರತಿಯೊಂದು ಬದಲಾವಣೆಯೂ ಅವರ ಗಮನಕ್ಕೆ ಬರುತ್ತದೆ. ಗ್ರಂಥಾಲಯದ ಬೀರುವಿನಲ್ಲಿ ಧೂಳು ಹಿಡಿದಿರುವ ಸ್ಮರಣ ಸಂಚಿಕೆಗಳನ್ನೂ ಸ್ಥಳೀಯ ಇತಿಹಾಸದ ಪುಸ್ತಕಗಳನ್ನೂ ಪುಟಸಂಖ್ಯೆಯೊಡನೆ ಆಧಾರವಾಗಿ ನಮೂದಿಸಬಹುದು. ಆಧಾರವಿರುವ ವಾಕ್ಯವನ್ನು ಕೆಡಿಸಿದಾಗ ಸರಿ ಯಾವುದೆಂದು ಊರಿಗೆ ಹೊಸಬನಾದ ಸ್ವಯಂಸೇವಕನೂ ತೀರ್ಮಾನಿಸಬಲ್ಲನು. ಪೋಲಾಳ್ವನ ಕಾಲವನ್ನು ಪರೀಕ್ಷಿಸಬೇಕಾದವರಿಗೆ ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 11ನೆಯ ಸಂಪುಟದಲ್ಲಿ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳಿವೆ, ಅದರಲ್ಲಿ ದಾವಣಗೆರೆ ತಾಲ್ಲೂಕಿನ ಭಾಗವನ್ನು ತೆರೆದರೆ ಹರಿಹರದ ಶಾಸನಗಳು ದೊರೆಯುತ್ತವೆ.